ಮರದ ಕೋಸ್ಟರು ನಿಲ್ಲುವುದು ವಯಸ್ಸಾಗಿದ್ದಕ್ಕಲ್ಲ

ಮೈಸೂರು ರಸ್ತೆಯಲ್ಲಿ ಬಿಡದಿ ಕಡೆ ಹೊರಟ ಶಾಲಾ ಪ್ರವಾಸದ ಬಸ್ಸುಗಳಿಗೆ ಎರಡು ನಿಲುಗಡೆ ಕಾಯಂ. ಒಂದು ತಟ್ಟೆ ಇಡ್ಲಿ ಹೋಟೆಲು, ಇನ್ನೊಂದು ವಂಡರ್‌ಲಾ. 2005ರಲ್ಲಿ ಶುರುವಾದ ಈ ಪಾರ್ಕಿನಿಂದಾಗಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಕ್ಕಳಿಗೆ ರೋಲರ್ ಕೋಸ್ಟರು ಸಿನಿಮಾದಲ್ಲಷ್ಟೇ ಕಾಣುವ ವಸ್ತುವಾಗಿ ಉಳಿದಿಲ್ಲ. ಅಲ್ಲಿನ 'ರಿಕಾಯಿಲ್' ಹತ್ತಿದವರಿಗೆ ಅದರ ಆಟ ಗೊತ್ತು. ಬಂಡಿಯನ್ನು ಮೊದಲು ಹಿಮ್ಮುಖವಾಗಿ ಎತ್ತರಕ್ಕೆ ಎಳೆದು ಬಿಟ್ಟುಬಿಡುತ್ತಾರೆ. ಅದು ತಲೆಕೆಳಗಾಗಿ ಸುತ್ತು ಹೊಡೆದು ಎದುರಿನ ಏರು ಹತ್ತುತ್ತದೆ, ಬಂದ ದಾರಿಯಲ್ಲೇ ಬೆನ್ನು ಮುಂದಾಗಿ ವಾಪಸು ಬರುತ್ತದೆ. ಹಳಿ, ಕಂಬ, ಬಂಡಿ, ಎಲ್ಲವೂ ಉಕ್ಕು.

ಅದನ್ನು ಹತ್ತಿ ಬಂದವರೇ ಮೊಬೈಲಿನಲ್ಲಿ ಬೇರೆಯದೇ ದೃಶ್ಯ ನೋಡುತ್ತಾರೆ. ಹೊರದೇಶದ ಯಾವುದೋ ಪಾರ್ಕಿನಲ್ಲಿ ಸಾವಿರಾರು ತೊಲೆಗಳನ್ನು ಜೋಡಿಸಿ ಎಬ್ಬಿಸಿದ ಮರದ ಕೋಸ್ಟರು, ಅದರ ಕೊನೆಯ ಸವಾರಿಗೆ ಗಂಟೆಗಟ್ಟಲೆ ಕಾದು ನಿಂತ ಜನ, ಕೆಲವೇ ವಾರಗಳಲ್ಲಿ ಅಲ್ಲಿಗೆ ಬಂದು ನಿಲ್ಲುವ ಕ್ರೇನು. ಅಷ್ಟು ಚೆಂದದ್ದನ್ನು ಯಾಕೆ ಕಿತ್ತು ಹಾಕುತ್ತಾರೆ, ಮರ ಹಳೆಯದಾಗಿ ಅಪಾಯವಾಯಿತೇ ಎಂಬ ಪ್ರಶ್ನೆ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತಿದೆ. ಮರಗೆಲಸವನ್ನೇ ನಂಬಿದ ಮನೆಗಳಿರುವ ಚನ್ನಪಟ್ಟಣದ ಕಡೆಯಿಂದ ಬಂದಾಗ ಈ ಪ್ರಶ್ನೆಯಲ್ಲಿ ಕುತೂಹಲದ ಜೊತೆಗೆ ಕಳವಳವೂ ಇರುತ್ತದೆ.

ಮರ ಮುದಿಯಾಯಿತು ಎಂಬ ಉತ್ತರ ಸುಲಭ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿರುವ 'ಸೀನಿಕ್ ರೈಲ್ವೇ' ಹುಟ್ಟಿದ್ದು 1912ರಲ್ಲಿ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನದ 'ರುಟ್ಶೆಬಾನೆನ್' 1914ರದು. ನ್ಯೂಯಾರ್ಕಿನ ಕೋನಿ ಐಲೆಂಡಿನ 'ಸೈಕ್ಲೋನ್' 1927ರದು. ಅವು ತಲೆಮಾರುಗಳನ್ನು ಹೊತ್ತು ತಿರುಗಿವೆ. ಇನ್ನೊಂದು ಕಡೆ ಅಮೆರಿಕದ ಪೆನ್ಸಿಲ್ವೇನಿಯಾದ 'ಹರ್ಕ್ಯುಲಿಸ್' 1989ರಲ್ಲಿ ಬಂದು 2003ಕ್ಕೆ ಮುಗಿಯಿತು. ಒಹಾಯೋದ 'ಮೀನ್ ಸ್ಟ್ರೀಕ್' 1991ರಿಂದ 2016ರವರೆಗೆ ಓಡಿತು. ಅದೇ ರಾಜ್ಯದ 'ಸನ್ ಆಫ್ ಬೀಸ್ಟ್' 2000ದಲ್ಲಿ ಶುರುವಾಗಿ 2009ಕ್ಕೇ ನಿಂತಿತು. ಅಜ್ಜಂದಿರು ಗಟ್ಟಿಯಾಗಿದ್ದಾರೆ, ಮೊಮ್ಮಕ್ಕಳು ಹೋಗಿದ್ದಾರೆ. ಕಾರಣ ವಯಸ್ಸಿನಲ್ಲಿಲ್ಲ, ಆರೈಕೆಯ ಲೆಕ್ಕದಲ್ಲಿದೆ. ಆ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಹಳಿಯನ್ನು ಹತ್ತಿರದಿಂದ ನೋಡಬೇಕು.

ಮರದ ಕೋಸ್ಟರು ಎಂದು ಕರೆಯುವುದು ಕಂಬ ನೋಡಿ ಅಲ್ಲ, ಹಳಿ ನೋಡಿ. ಕೋನಿ ಐಲೆಂಡಿನ ಸೈಕ್ಲೋನಿನ ಕಂಬಗಳು ಉಕ್ಕಿನವೇ, ಆದರೂ ಅದು ಮರದ ಕೋಸ್ಟರು. ಏಕೆಂದರೆ ಅದರ ಹಳಿ ಮರದ್ದು. ಹಲಗೆಯ ಮೇಲೆ ಹಲಗೆ ಇಟ್ಟು, ಒಂದೊಂದನ್ನೂ ಬೇಕಾದ ತಿರುವಿಗೆ ಬಗ್ಗಿಸಿ, ಮೊಳೆ ಬೋಲ್ಟುಗಳಿಂದ ಬಿಗಿದು ಆರೆಂಟು ಪದರಗಳ ದಪ್ಪ ಪಟ್ಟಿ ಮಾಡುತ್ತಾರೆ. ಗಾಲಿ ಓಡುವ ಮೇಲ್ಮೈಗೆ ಮಾತ್ರ ಚಪ್ಪಟೆ ಉಕ್ಕಿನ ಪಟ್ಟಿ ಹೊಡೆಯುತ್ತಾರೆ. ಗಾಲಿಗಳು ಮೂರು ಬಗೆ. ಮೇಲಿನವು ಭಾರ ಹೊರುತ್ತವೆ, ಪಕ್ಕದವು ತಿರುವಿನಲ್ಲಿ ಬಂಡಿಯನ್ನು ಹಿಡಿಯುತ್ತವೆ, ಹಳಿಯ ಕೆಳಗೆ ಸೇರಿಕೊಂಡವು ಬಂಡಿ ಮೇಲಕ್ಕೆ ಹಾರದಂತೆ ತಡೆಯುತ್ತವೆ. ಈ ಕೆಳಗಾಲಿಗೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದರು. ಕಡಿದಾದ ಇಳಿಜಾರು, ಸೀಟಿನಿಂದ ಮೈ ಎದ್ದು ತೇಲುವ ಕ್ಷಣ, ಎಲ್ಲವೂ ಸಾಧ್ಯವಾಗಿದ್ದು ಅದರಿಂದಲೇ. 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಕೋನಿ ಐಲೆಂಡಿನಲ್ಲಿ ಐದು ಸೆಂಟಿಗೆ ಹತ್ತಿಸುತ್ತಿದ್ದ ಸವಾರಿಯ ವೇಗ ಗಂಟೆಗೆ ಹತ್ತು ಕಿ.ಮೀ. ಆಸುಪಾಸು ಮಾತ್ರ. 1927ರ ಸೈಕ್ಲೋನಿನ ಹೊತ್ತಿಗೆ ಅದು 96 ಕಿ.ಮೀ. ಮುಟ್ಟಿತ್ತು.

ಇಷ್ಟು ವೇಗದ ಬಂಡಿ ಇಳಿಜಾರಿನ ತಳಕ್ಕೆ ಬಂದು ಮತ್ತೆ ಮೇಲೇಳುವ ಜಾಗದಲ್ಲಿ ಹಳಿಯ ಮೇಲೆ ತನ್ನ ತೂಕದ ಎರಡು ಮೂರು ಪಟ್ಟು ಒತ್ತಡ ಹಾಕುತ್ತದೆ. ಆ ಒತ್ತಡವನ್ನು ತಡೆದುಕೊಳ್ಳುವ ಮರ ಎಂಥದ್ದು?

ಇದಕ್ಕೆ ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಹತ್ತಿರ ಉತ್ತರವಿದೆ. ಅವರು ಬಳಸುವ ಆಲೆ ಮರದ ಹೆಸರು ಹೊರಗಿನವರಿಗೂ ಪರಿಚಿತ. ಆ ಮರ ಹೇಗೆ ಒಣಗುತ್ತದೆ ಎಂಬುದರ ಬಗ್ಗೆ ಅವರಿಗಿರುವ ಎಚ್ಚರ ಅಷ್ಟು ಪರಿಚಿತವಲ್ಲ. ಕಡಿದ ಮರವನ್ನು ತಿಂಗಳುಗಟ್ಟಲೆ ಆರಲು ಬಿಡುತ್ತಾರೆ. ಆರಿದ ತುಂಡನ್ನು ತಿರುಗಣಿಗೆ ಕೊಟ್ಟು ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ಗರಗರ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ, ತಾಳೆ ಗರಿಯ ಚೂರಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ತುಂಡಿನೊಳಗೆ ಹಸಿ ಉಳಿದಿದ್ದರೆ ಇಷ್ಟೆಲ್ಲ ಕೆಲಸವೂ ವ್ಯರ್ಥ. ಗೊಂಬೆ ಮಾರಾಟವಾದ ಮೇಲೆ ಯಾರದೋ ಮನೆಯಲ್ಲಿ ಸೀಳು ಬಿಡುತ್ತದೆ, ಗಾಲಿ ಸಡಿಲವಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಸುಬಿನ ಹೆಸರು ನಿಂತಿರುವುದು ಆ ತಾಳ್ಮೆಯ ಮೇಲೆ.

ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಉದ್ದಕ್ಕೆ ಅದು ಹೆಚ್ಚು ಕಡಿಮೆ ಆಗುವುದು ತೀರ ಅಲ್ಪ, ಅಡ್ಡಕ್ಕೆ ಹಿಗ್ಗಿ ಕುಗ್ಗುವುದು ಜಾಸ್ತಿ. ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಹಳೆಯ ಮನೆಯ ಬಾಗಿಲು ಬೇಸಿಗೆಯಲ್ಲಿ ತಾನೇ ಸರಾಗವಾಗುವಂತೆ, ಕೋಸ್ಟರಿನ ಹಲಗೆಗಳೂ ಋತುವಿನೊಂದಿಗೆ ಉಬ್ಬಿ ಇಳಿಯುತ್ತವೆ. ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ದಕ್ಷಿಣದ ಹಳದಿ ಪೈನ್ ಮತ್ತು ಡಗ್ಲಸ್ ಫರ್. ಹುಳು, ಬೂಷ್ಟು ಹತ್ತದಂತೆ ಒತ್ತಡ ಕೊಟ್ಟು ಔಷಧಿ ಕುಡಿಸಿದ ಈ ಹಲಗೆಗಳು ಕಂಬಕ್ಕೇರಿದ ಮೇಲೂ ಒಣಗುತ್ತಲೇ ಇರುತ್ತವೆ. ಒಣಗಿ ಕುಗ್ಗಿದ ಹಲಗೆಯಲ್ಲಿ ನಿನ್ನೆ ಬಿಗಿಯಾಗಿದ್ದ ಬೋಲ್ಟು ಇಂದು ಒಂದು ಕೂದಲೆಳೆಯಷ್ಟು ಸಡಿಲ. ಆ ಸಡಿಲಿನಲ್ಲಿ ಹಳಿಯ ಅಗಲ ಅಷ್ಟಿಷ್ಟು ಬದಲಾಗುತ್ತದೆ, ಬಂಡಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಪಕ್ಕದ ಗಾಲಿ ಹಳಿಯನ್ನು ಗುದ್ದುತ್ತದೆ. ಗುದ್ದಿದಷ್ಟೂ ಮೊಳೆ ಸಡಿಲ, ಸಡಿಲಾದಷ್ಟೂ ಗುದ್ದು ಜೋರು. ಇಳಿಜಾರಿನ ತಳಗಳಲ್ಲಿ ಮತ್ತು ತಿರುವುಗಳ ಬಾಯಲ್ಲಿ ಇದು ಬೇಗ ಬಲಿಯುತ್ತದೆ. ಕೂತವರ ಬೆನ್ನಿಗೂ ಕುತ್ತಿಗೆಗೂ ಮೊದಲು ಗೊತ್ತಾಗುವುದು ಆ ಜಾಗಗಳೇ.

ಇದನ್ನು ತಡೆಯಲು ಇರುವ ಉಪಾಯ ಹಳೆಯದು, ಅದು ಮನುಷ್ಯರದು. ಪಾರ್ಕು ತೆರೆಯುವ ಮುನ್ನ ಪ್ರತಿ ಬೆಳಗ್ಗೆ ಬಡಗಿಗಳು ಹಳಿಯುದ್ದಕ್ಕೂ ನಡೆಯುತ್ತಾರೆ. ಕೈಯಲ್ಲಿ ಸುತ್ತಿಗೆ, ಸ್ಪ್ಯಾನರು. ಎದ್ದ ಮೊಳೆ ಹೊಡೆಯುತ್ತಾರೆ, ಸಡಿಲ ಬೋಲ್ಟು ಬಿಗಿಯುತ್ತಾರೆ, ಸೀಳು ಬಿಟ್ಟ ಹಲಗೆಗೆ ಗುರುತು ಹಾಕುತ್ತಾರೆ, ಉಕ್ಕಿನ ಪಟ್ಟಿ ಸವೆದ ಕಡೆ ಕೈಯಾಡಿಸಿ ನೋಡುತ್ತಾರೆ. ಒಂದೂವರೆ ಕಿ.ಮೀ. ಉದ್ದದ ಹಳಿಯಲ್ಲಿ ಎತ್ತರದ ಏರಿಳಿತಗಳನ್ನೂ ಹತ್ತಿಳಿದು ಮಾಡುವ ಕೆಲಸ ಇದು. ವರ್ಷಕ್ಕೊಮ್ಮೆ ಪಾರ್ಕು ಮುಚ್ಚಿದಾಗ ದೊಡ್ಡ ಕೆಲಸ. ಕೆಟ್ಟ ಭಾಗದ ಪದರಗಳನ್ನು ಬಿಚ್ಚಿ, ಹೊಸ ಹಲಗೆ ಕೂರಿಸಿ, ಮತ್ತೆ ಬಗ್ಗಿಸಿ ಬಿಗಿಯುತ್ತಾರೆ. ಈ ವರ್ಷ ಈ ತಿರುವು, ಮುಂದಿನ ವರ್ಷ ಆ ಇಳಿಜಾರು. ಹಾಗೆ ಮಾಡುತ್ತ ಹೋದರೆ ಕೆಲವು ದಶಕಗಳಲ್ಲಿ ಇಡೀ ಹಳಿ ಹೊಸದಾಗಿರುತ್ತದೆ. 1927ರ ಸವಾರಿ ಎಂದು ಹತ್ತಿದವರು ಓಡುವುದು ಬಹುಪಾಲು ಆಮೇಲೆ ಹಾಕಿದ ಹಲಗೆಯ ಮೇಲೆ. ಆದ್ದರಿಂದ ಮರದ ವಯಸ್ಸಿಗೂ ಕೋಸ್ಟರಿನ ವಯಸ್ಸಿಗೂ ನೇರ ಸಂಬಂಧವೇ ಇಲ್ಲ.

ಈ ಆರೈಕೆ ನಡೆಯಬೇಕಾದರೆ ಮೂರು ಅನುಕೂಲ ಬೇಕು. ಕಸುಬು ಬಲ್ಲ ಬಡಗಿಗಳು ಸಂಬಳದ ಮೇಲೆ ಸದಾ ಇರಬೇಕು. ವರ್ಷದಲ್ಲಿ ಕೆಲವು ತಿಂಗಳಾದರೂ ಸವಾರಿ ಮುಚ್ಚಿರಬೇಕು. ಮರ ತಾಳುವಷ್ಟೇ ಎತ್ತರ, ವೇಗ, ತೂಕವನ್ನು ಅದರ ಮೇಲೆ ಹೇರಬೇಕು. ನಿವೃತ್ತಿಯಾದ ಹೆಚ್ಚಿನ ಕೋಸ್ಟರುಗಳ ಕತೆ ಕೆದಕಿದರೆ ಇವುಗಳಲ್ಲಿ ಒಂದಾದರೂ ತಪ್ಪಿರುವುದು ಕಾಣುತ್ತದೆ.

ಮೂರನೆಯದು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಒಹಾಯೋದ ಕಿಂಗ್ಸ್ ಐಲೆಂಡ್ ಪಾರ್ಕಿನ ಸನ್ ಆಫ್ ಬೀಸ್ಟ್ ಸಾಕ್ಷಿ. ಅಲ್ಲಿ 1979ರಿಂದ ಓಡುತ್ತಿರುವ 'ದಿ ಬೀಸ್ಟ್' ಜಗತ್ತಿನ ಅತಿ ಉದ್ದದ ಮರದ ಕೋಸ್ಟರು, 7,361 ಅಡಿ. ಅದರ ಹೆಸರಿನಲ್ಲೇ ಮಗನನ್ನು ಹುಟ್ಟಿಸಬೇಕೆಂದು 2000ದಲ್ಲಿ 218 ಅಡಿ ಎತ್ತರದ, ಗಂಟೆಗೆ ಸುಮಾರು 125 ಕಿ.ಮೀ. ವೇಗದ ಸವಾರಿ ಕಟ್ಟಿದರು. 200 ಅಡಿ ದಾಟಿದ ಮೊದಲ ಮರದ ಕೋಸ್ಟರು ಅದು. ತಲೆಕೆಳಗಾಗುವ ಸುತ್ತೂ ಅದಕ್ಕಿತ್ತು, ಆ ಸುತ್ತನ್ನು ಮಾತ್ರ ಉಕ್ಕಿನಲ್ಲಿ ಮಾಡಿದ್ದರು. ಸುತ್ತಿಗೆ ತಕ್ಕ ಬಂಡಿಗಳು ಭಾರವಾಗಿದ್ದವು, ಆ ಭಾರ ಮರದ ಮೇಲೆ ಬಿತ್ತು. 2006ರ ಜುಲೈಯಲ್ಲಿ ರಚನೆಯ ಒಂದು ಭಾಗ ಮುರಿದು ಹಳಿ ಕುಸಿದು ಬಂಡಿ ಜೋರಾಗಿ ಅಲುಗಿತು, 27 ಜನ ಗಾಯಗೊಂಡರು. ಸುತ್ತು ತೆಗೆದು, ಹಗುರ ಬಂಡಿ ತಂದು 2007ರಲ್ಲಿ ಮತ್ತೆ ಶುರು ಮಾಡಿದರು. 2009ರಲ್ಲಿ ಮತ್ತೊಂದು ಗಾಯದ ದೂರು ಬಂದ ಮೇಲೆ ನಿಲ್ಲಿಸಿದರು, 2012ರಲ್ಲಿ ಕೆಡವಿದರು. ಅಪ್ಪ ಬೀಸ್ಟ್ ಅದೇ ಪಾರ್ಕಿನಲ್ಲಿ ಓಡುತ್ತಲೇ ಇದೆ. ಅದರ ಇಳಿಜಾರುಗಳು ಬೆಟ್ಟದ ಏರುತಗ್ಗಿಗೆ ಒರಗಿಕೊಂಡು ಸಾಗುತ್ತವೆ, ಬಡಗಿಗಳು ಅದರ ಹಳಿಯನ್ನು ಭಾಗಭಾಗವಾಗಿ ಹೊಸದು ಮಾಡುತ್ತ ಬಂದಿದ್ದಾರೆ.

ಆದರೆ ಅಪಘಾತದಿಂದ ನಿಂತ ಕೋಸ್ಟರುಗಳು ಕಡಿಮೆ. ಹೆಚ್ಚಿನವು ನಿಂತಿದ್ದು ಸಾಲು ಕರಗಿದ್ದರಿಂದ. ಟೆಕ್ಸಸ್‌ನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ 'ಟೆಕ್ಸಸ್ ಜಯಂಟ್' 1990ರಲ್ಲಿ ಬಂತು. 1998 ಮತ್ತು 1999ರಲ್ಲಿ ಮನರಂಜನಾ ಪಾರ್ಕುಗಳ ಗೋಲ್ಡನ್ ಟಿಕೆಟ್ ಪ್ರಶಸ್ತಿಯಲ್ಲಿ ಜಗತ್ತಿನ ಅತ್ಯುತ್ತಮ ಮರದ ಕೋಸ್ಟರು ಎನ್ನಿಸಿಕೊಂಡಿತು. ಅದೇ ಕೋಸ್ಟರನ್ನು 2009ರ ನವೆಂಬರಿನಲ್ಲಿ ನಿಲ್ಲಿಸಿದರು. ಹತ್ತು ವರ್ಷದಲ್ಲಿ ಅದು ಅಪಾಯಕಾರಿಯೇನೂ ಆಗಿರಲಿಲ್ಲ, ಒರಟಾಗಿತ್ತು. ಒಮ್ಮೆ ಹತ್ತಿದವರು ಮೈ ಕೈ ನೋವು ಮಾಡಿಕೊಂಡು ಎರಡನೇ ಸಲ ಹತ್ತುತ್ತಿರಲಿಲ್ಲ. ರಿಪೇರಿ ಖರ್ಚು ವರ್ಷವರ್ಷ ಏರುತ್ತಿತ್ತು, ಹತ್ತುವವರು ವರ್ಷವರ್ಷ ಇಳಿಯುತ್ತಿದ್ದರು. ಆ ಎರಡು ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಪಾರ್ಕಿನವರು ಕೈಬಿಡುತ್ತಾರೆ.

ಟೆಕ್ಸಸ್‌ನಲ್ಲಿ ಕೈಬಿಟ್ಟ ರೀತಿ ಹೊಸದಾಗಿತ್ತು. ಇಡಾಹೋ ರಾಜ್ಯದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಕಂಪನಿ ಮರದ ಕಂಬಗಳ ಕಾಡನ್ನು ಬಹುಪಾಲು ಹಾಗೇ ಇಟ್ಟುಕೊಂಡು, ಪದರ ಪದರದ ಮರದ ಹಳಿ ಕಿತ್ತು ಅಲ್ಲಿ ಉಕ್ಕಿನ ಹಳಿ ಕೂರಿಸಿತು. ಸುಮಾರು 1 ಕೋಟಿ ಡಾಲರ್ ಖರ್ಚಿನಲ್ಲಿ 2011ರ ಏಪ್ರಿಲ್‌ನಲ್ಲಿ 'ನ್ಯೂ ಟೆಕ್ಸಸ್ ಜಯಂಟ್' ಶುರುವಾಯಿತು. ಹೊಸ ಇಳಿಜಾರು 79 ಡಿಗ್ರಿ ಕಡಿದು, ಸವಾರಿ ನಯ, ಸಾಲು ಮತ್ತೆ ಉದ್ದ. ಅದನ್ನು ಕಂಡು ಉಳಿದವರೂ ಹಿಂಬಾಲಿಸಿದರು. 17 ಲಕ್ಷ ಬೋರ್ಡ್ ಫೀಟ್ ಮರ ನುಂಗಿದ್ದ ಮೀನ್ ಸ್ಟ್ರೀಕ್ 2018ರಲ್ಲಿ 205 ಅಡಿಯ 'ಸ್ಟೀಲ್ ವೆಂಜನ್ಸ್' ಆಯಿತು. ಜಪಾನಿನ ನಾಗಶಿಮಾದಲ್ಲಿ 1994ರಿಂದ ಓಡುತ್ತಿದ್ದ 'ವೈಟ್ ಸೈಕ್ಲೋನ್' 2018ರ ಜನವರಿಯಲ್ಲಿ ನಿಂತು, ಮರು ವರ್ಷ 'ಹಾಕುಗೇ' ಎಂಬ ಹೆಸರಿನಲ್ಲಿ ಉಕ್ಕಿನ ಹಳಿಯೊಂದಿಗೆ ಬಂತು. ನಿವೃತ್ತಿ ಎಂದು ಸುದ್ದಿಯಾದ ಎಷ್ಟೋ ಕೋಸ್ಟರುಗಳ ನಿಜವಾದ ಕತೆ ಇದು. ಕಂಬ ಉಳಿದಿದೆ, ಹಳಿ ಬದಲಾಗಿದೆ. ದಿನವೂ ಸುತ್ತಿಗೆ ಹಿಡಿದು ನಡೆಯುವವರ ಕೆಲಸ ಅಲ್ಲಿ ತೀರ ಕಡಿಮೆಯಾಗಿದೆ.

ಮುಚ್ಚುವ ತಿಂಗಳು ಸಿಗದ ಪಾರ್ಕುಗಳ ಪಾಡು ನಮಗೆ ಹೆಚ್ಚು ಹತ್ತಿರದ್ದು. ಫ್ಲಾರಿಡಾದ ಟ್ಯಾಂಪಾದಲ್ಲಿ ಹಿಮ ಬೀಳುವುದಿಲ್ಲ, ಪಾರ್ಕು ವರ್ಷವಿಡೀ ನಡೆಯುತ್ತದೆ. ಬಿಸಿಲು, ಮಳೆ, ಸೆಕೆ ಮೂರೂ ಧಾರಾಳ. ಅಲ್ಲಿನ ಬುಶ್ ಗಾರ್ಡನ್ಸ್‌ನಲ್ಲಿ 1999ರಲ್ಲಿ ಬಂದ 'ಗ್ವಾಜಿ' ಜೋಡಿ ಹಳಿಯ ಮರದ ಕೋಸ್ಟರು. ಎದುರುಬದುರು ಬರುವ ಎರಡು ಬಂಡಿಗಳ ಆಟ ಜನಕ್ಕೆ ಹಿಡಿಸಿತ್ತು. ಹಳಿ ಒರಟಾಗುತ್ತ ಬಂದು ಮೊದಲು ಒಂದು ಬದಿ ನಿಂತಿತು, 2015ರಲ್ಲಿ ಎರಡೂ ನಿಂತವು. 2022ರಲ್ಲಿ ಅದು 'ಐರನ್ ಗ್ವಾಜಿ'ಯಾಗಿ, ಉಕ್ಕಿನ ಹಳಿ ಹೊತ್ತು ಮರಳಿ ಬಂತು. ಇದಕ್ಕೆ ಹೋಲಿಸಿದರೆ ಚಳಿಗಾಲದಲ್ಲಿ ಹೇಗೂ ಬಾಗಿಲು ಹಾಕುವ ಪೆನ್ಸಿಲ್ವೇನಿಯಾದ ಕೆನ್ನಿವುಡ್ ಪಾರ್ಕಿನಲ್ಲಿ 1920ರ 'ಜ್ಯಾಕ್ ರ‍್ಯಾಬಿಟ್', 1927ರ 'ರೇಸರ್' ಉಳಿದುಕೊಂಡಿರುವುದು ಸೋಜಿಗವಲ್ಲ. 1987ರಲ್ಲಿ ಆ ಪಾರ್ಕನ್ನೇ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಎಂದು ಘೋಷಿಸಿದರು.

ಮರಕ್ಕೂ ಬಡಗಿಗೂ ಸಂಬಂಧವಿಲ್ಲದ ಒಂದು ಕಾರಣವೂ ಇದೆ, ಅದು ಜಾಗ. ಅಮೆರಿಕದ ಕ್ಯಾರೊವಿಂಡ್ಸ್ ಪಾರ್ಕಿನ 'ಥಂಡರ್ ರೋಡ್' 1976ರಿಂದ ಓಡಿ 2015ರಲ್ಲಿ ವಾಟರ್ ಪಾರ್ಕಿನ ವಿಸ್ತರಣೆಗೆ ಜಾಗ ಬಿಟ್ಟಿತು. ಕೋನಿ ಐಲೆಂಡಿನ ಸೈಕ್ಲೋನಿಗೂ 1970ರ ದಶಕದಲ್ಲಿ ಇದೇ ಗತಿ ಬರಬೇಕಿತ್ತು. ಪಕ್ಕದ ಮತ್ಸ್ಯಾಲಯ ಬೆಳೆಸಲು ಅದನ್ನು ಕೆಡವುವ ಮಾತಿತ್ತು. ಜನ ಬಿಡಲಿಲ್ಲ. 1988ರಲ್ಲಿ ನ್ಯೂಯಾರ್ಕ್ ನಗರ ಅದಕ್ಕೆ ಹೆಗ್ಗುರುತಿನ ರಕ್ಷಣೆ ಕೊಟ್ಟಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1947ರಲ್ಲಿ ಕಟ್ಟಿದ್ದ 'ರಾಕೆಟ್' ಎಂಬ ಕೋಸ್ಟರಿನ ಪಾರ್ಕೇ 1980ರಲ್ಲಿ ಮುಚ್ಚಿತು. ಪೆನ್ಸಿಲ್ವೇನಿಯಾದ ನೋಬೆಲ್ಸ್ ಪಾರ್ಕಿನವರು ಅದನ್ನು ಬಿಚ್ಚಿ, ಗುರುತು ಹಾಕಿ, ಸಾಗಿಸಿ, 1985ರಲ್ಲಿ 'ಫೀನಿಕ್ಸ್' ಎಂದು ಮತ್ತೆ ನಿಲ್ಲಿಸಿದರು. ಮರವನ್ನು ಬಿಚ್ಚಿ ಮತ್ತೆ ಜೋಡಿಸಬಹುದು ಎಂಬುದೇ ಅದನ್ನು ಉಳಿಸಿತು.

ಮರವೋ ಉಕ್ಕೋ ಎಂಬ ಈ ಮಾತುಕತೆ ನಮ್ಮ ಕಡೆಗೆ ಹೊಸದಲ್ಲ. ಅದು ಪಾರ್ಕಿನಲ್ಲಿ ನಡೆಯಲಿಲ್ಲ, ತೇರಿನ ಬೀದಿಯಲ್ಲಿ ನಡೆಯಿತು. ಮಾಗಡಿ ರಂಗನಾಥಸ್ವಾಮಿಯ ತೇರಾಗಲಿ, ಹಳೇ ಮೈಸೂರು ಭಾಗದ ಇನ್ನಾವುದೇ ದೊಡ್ಡ ತೇರಾಗಲಿ, ಹಗ್ಗ ಹಿಡಿದವರಷ್ಟೇ ಮುಖ್ಯ ಚಕ್ರದ ಪಕ್ಕ ನಡೆಯುವವರು. ಚಕ್ರಕ್ಕೆ ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುತ್ತಾರೆ, ಓಟ ತಡೆಯುತ್ತಾರೆ, ಅಚ್ಚಿನ ಸದ್ದಿಗೆ ಕಿವಿ ಕೊಡುತ್ತಾರೆ. ವರ್ಷದ ಉಳಿದೆಲ್ಲ ದಿನ ಬಿಸಿಲು ಮಳೆಗೆ ನಿಂತ ಮರ ಒಂದೇ ದಿನ ಸಾವಿರಾರು ಜನರ ಎಳೆತ ತಾಳಬೇಕು. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ತೇರು ಜನರ ನಡುವೆಯೇ ಉರುಳಿ ಹಲವರು ಗಾಯಗೊಂಡಾಗ ಇಡೀ ನಾಡು ಬೆಚ್ಚಿತು. ಮರು ವರ್ಷ ಹೊಸ ತೇರು ಬಂತು. ರಥೋತ್ಸವಕ್ಕೆ ಮುನ್ನ ಎಂಜಿನಿಯರುಗಳಿಂದ ಗಟ್ಟಿತನ ಪರೀಕ್ಷೆ ಮಾಡಿಸುವ ಪದ್ಧತಿ ಹಲವು ಕಡೆ ಇದೆ. ತಮಿಳುನಾಡಿನ ತಿರುವಾರೂರಿನ ಮಹಾರಥಕ್ಕೆ ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆ ಉಕ್ಕಿನ ಚಕ್ರ, ಅಚ್ಚು ಮತ್ತು ಹೈಡ್ರಾಲಿಕ್ ಬ್ರೇಕು ಮಾಡಿಕೊಟ್ಟಿತು. ಕೆತ್ತನೆಯ ಮರ ಮೇಲೆ, ಓಡುವ ಭಾಗ ಉಕ್ಕು. ಟೆಕ್ಸಸ್‌ನಲ್ಲಿ ಮಾಡಿದ್ದೂ ಇದನ್ನೇ.

ವ್ಯತ್ಯಾಸ ಇರುವುದು ಲೆಕ್ಕದಲ್ಲಿ. ತೇರು ವರ್ಷಕ್ಕೊಮ್ಮೆ ಎಳೆಯುವುದು. ಅದರ ಮರಗೆಲಸಕ್ಕೆ ಊರೇ ಚಂದಾ ಎತ್ತುತ್ತದೆ, ಲಾಭನಷ್ಟ ಯಾರೂ ನೋಡುವುದಿಲ್ಲ. ಕೋಸ್ಟರು ದಿನಕ್ಕೆ ನೂರಾರು ಸಲ ಓಡುವುದು. ಅದರ ಬಡಗಿಯ ಸಂಬಳ, ಹಲಗೆಯ ಬೆಲೆ, ವಿಮೆಯ ಕಂತು ಎಲ್ಲವೂ ಟಿಕೇಟಿನಿಂದಲೇ ಹುಟ್ಟಬೇಕು.

ಬಿಡದಿಯಲ್ಲಿ ಯಾಕೆ ಉಕ್ಕು ಮಾತ್ರ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಮ್ಮ ಪಾರ್ಕುಗಳಿಗೆ ಹಿಮದ ರಜೆ ಇಲ್ಲ. ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆ, ದಸರಾ, ಡಿಸೆಂಬರಿನ ಶಾಲಾ ಪ್ರವಾಸ, ಎಲ್ಲವೂ ಜನ ತುಂಬುವ ಕಾಲ. ಹಳಿ ಬಿಚ್ಚಿ ಹೊಸದು ಹಾಕಲು ತಿಂಗಳುಗಟ್ಟಲೆ ಸವಾರಿ ಮುಚ್ಚಿದರೆ ಬಂದವರು ಗೇಟಿನಲ್ಲೇ ಕೇಳುತ್ತಾರೆ. ಜೂನಿನಿಂದ ಅಕ್ಟೋಬರಿನವರೆಗೆ ಬಿಟ್ಟು ಬಿಟ್ಟು ಮಳೆ, ಆಮೇಲೆ ಒಣಗಾಳಿ, ಮಾರ್ಚಿನಲ್ಲಿ ಸುಡುಬಿಸಿಲು, ಎಲ್ಲ ಕಾಲಕ್ಕೂ ಗೆದ್ದಲು. ಔಷಧಿ ಕುಡಿಸಿ ಬಳಸುವ ಆ ಹಳದಿ ಪೈನ್ ಇಲ್ಲಿ ಬೆಳೆಯುವುದಿಲ್ಲ. ಇದಕ್ಕೆಲ್ಲ ಮಿಗಿಲಾಗಿ, ಕೋಸ್ಟರಿನ ಹಳಿ ಬಲ್ಲ ಬಡಗಿಗಳ ಪರಂಪರೆ ಇಲ್ಲಿ ಬೆಳೆದಿಲ್ಲ. 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ 'ಮ್ಯಾಟರ್‌ಹಾರ್ನ್' ಕೊಳವೆ ಉಕ್ಕಿನ ಹಳಿ ತಂದ ಮೇಲೆ ಕೋಸ್ಟರುಗಳನ್ನು ಕಾರ್ಖಾನೆಯಲ್ಲಿ ಮಾಡಿ, ಹಡಗಿನಲ್ಲಿ ತುಂಬಿ, ಎಲ್ಲಿ ಬೇಕೋ ಅಲ್ಲಿ ಬೋಲ್ಟು ಹಾಕಿ ನಿಲ್ಲಿಸುವುದು ಸಾಧ್ಯವಾಯಿತು. ನಾಲ್ಕೂವರೆ ದಶಕದ ನಂತರ ಪಾರ್ಕು ಕಂಡ ಬಿಡದಿಗೆ ಬಂದಿದ್ದು ಆ ಸಿದ್ಧ ದಾರಿ. ಉಕ್ಕಿಗೂ ಆರೈಕೆ ಬೇಕು. ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಡುಕಬೇಕು, ತುಕ್ಕು ತಡೆಯಬೇಕು, ಗಾಲಿ ಬದಲಿಸಬೇಕು. ಆದರೆ ಅದು ಉಪಕರಣ ಹಿಡಿದ ತಂತ್ರಜ್ಞರ ಕೆಲಸ. ಆ ತಂತ್ರಜ್ಞರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಹಾಗಾದರೆ ಮರದ ಕೋಸ್ಟರಿನ ಕಾಲ ಮುಗಿಯಿತೇ? ಇಲ್ಲ. ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಪಾರ್ಕು 2008ರಲ್ಲಿ 'ಟಿ ಎಕ್ಸ್‌ಪ್ರೆಸ್' ಎಂಬ 56 ಮೀಟರ್ ಎತ್ತರದ ಮರದ ಕೋಸ್ಟರು ನಿಲ್ಲಿಸಿತು. ಅದರ ಹಳಿಯನ್ನು ಜಾಗದಲ್ಲಿ ಹಲಗೆ ಬಗ್ಗಿಸಿ ಮಾಡಿಲ್ಲ. ಪದರಗಳನ್ನು ಅಂಟಿನಿಂದ ಒತ್ತಿ, ಯಂತ್ರದಲ್ಲಿ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕತ್ತರಿಸಿ ತಂದು ಜೋಡಿಸಿದ್ದಾರೆ. ಹೀಗೆ ಮಾಡಿದ ಹಳಿ ಉಕ್ಕಿನಷ್ಟೇ ನಯವಾಗಿ ಓಡುತ್ತದೆ. ಆದರೂ ಅಮೆರಿಕದಲ್ಲಿ ಇದೇ ಬಗೆಯ 2006ರ 'ಎಲ್ ಟೊರೊ' 2022ರ ಆಗಸ್ಟಿನಲ್ಲಿ ಸವಾರರನ್ನು ಗಾಯಗೊಳಿಸಿ, ರಿಪೇರಿಗೆಂದು ನಿಂತು, ಮರು ವರ್ಷ ಮತ್ತೆ ಶುರುವಾಯಿತು. ಯಂತ್ರ ಎಷ್ಟೇ ನಿಖರವಾಗಿ ಕತ್ತರಿಸಿದರೂ ಆಮೇಲೆ ನೋಡಿಕೊಳ್ಳುವವರು ಬೇಕೇ ಬೇಕು.

ಉಳಿಸಬೇಕೆಂದು ಮನಸ್ಸು ಮಾಡಿದವರು ಸಣ್ಣದನ್ನೂ ಉಳಿಸಿದ್ದಾರೆ. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ 'ಲೀಪ್ ದಿ ಡಿಪ್ಸ್' ಈಗ ಉಳಿದಿರುವ ಕೋಸ್ಟರುಗಳಲ್ಲೇ ಅತಿ ಹಳೆಯದು. ಎತ್ತರ 41 ಅಡಿ, ವೇಗ ಗಂಟೆಗೆ 16 ಕಿ.ಮೀ. ಆಸುಪಾಸು. ಕೆಳಗಾಲಿ ಬರುವ ಮುಂಚಿನ ಕಾಲದ್ದು, ಅದಕ್ಕೆ ಕೆಳಗಾಲಿಯೇ ಇಲ್ಲ. 1985ರಲ್ಲಿ ನಿಂತುಹೋಗಿದ್ದ ಅದು 1996ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತಾಯಿತು, ಆಸಕ್ತರು ಹಣ ಕೂಡಿಸಿ ಮರ ಬದಲಿಸಿದ ಮೇಲೆ 1999ರಲ್ಲಿ ಮತ್ತೆ ಓಡಿತು. ಮೆಲ್ಬರ್ನಿನ ಸೀನಿಕ್ ರೈಲ್ವೇಯಲ್ಲಿ ಬಂಡಿಯ ನಡುವೆ ನಿಂತ ಬ್ರೇಕುಗಾರ ಇಂದಿಗೂ ಕೈಯಿಂದಲೇ ವೇಗ ಹಿಡಿಯುತ್ತಾನೆ. ಅವನಿಗೆ ಸಂಬಳ ಕೊಡುವುದು ಲಾಭದ ಲೆಕ್ಕದಲ್ಲಿ ದಂಡ ಎನ್ನಿಸಬಹುದು. ಆದರೆ ಆ ಪಾರ್ಕಿಗೆ ಜನ ಹೋಗುವುದರಲ್ಲಿ ಅವನದೂ ಪಾಲಿದೆ.

ಇಂಥದೊಂದು ಸಣ್ಣ ಮರದ ಸವಾರಿ ರಾಮನಗರ ಕಡೆಯ ಈ ತಾಲ್ಲೂಕುಗಳ ಯಾವುದೋ ಮೂಲೆಯಲ್ಲಿ ನಿಲ್ಲಬಾರದು ಎಂದೇನೂ ಇಲ್ಲ. ಆಲೆ ಮರ ಗೊಂಬೆಗೆ ಸರಿ, ಕೋಸ್ಟರಿನ ಭಾರ ಹೊರಲು ಆಗದು, ಅದಕ್ಕೆ ಬೇರೆ ಮರ ಬೇಕು. ಆದರೆ ಮರದ ಹಸಿ, ಎಳೆ, ಸೀಳುಗಳನ್ನು ಕೈಯಲ್ಲೇ ಅಳೆಯುವ ಜನ ಚನ್ನಪಟ್ಟಣದಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳಲ್ಲಿ ಹಲವರು ಈ ಕಸುಬು ಬಿಟ್ಟು ಕಾರ್ಖಾನೆ, ಕ್ಯಾಬು, ಅಂಗಡಿ ಹುಡುಕಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ನಾಲ್ವತ್ತೈವತ್ತು ಅಡಿಯ, ನಿಧಾನ ಓಡುವ, ಮಳೆಗಾಲದಲ್ಲಿ ಎರಡು ತಿಂಗಳು ಬಾಗಿಲು ಹಾಕುವ ಒಂದು ಸವಾರಿ ಯಾವತ್ತಾದರೂ ಇಲ್ಲಿ ಯೋಜನೆಯಾಗಿ ಬಂದರೆ ಜನ ಅದರ ಎತ್ತರ, ವೇಗ ಕೇಳುವ ಮೊದಲು ಬೇರೆ ಎರಡು ವಿವರ ಕೇಳಬೇಕು. ಹಳಿ ನೋಡಿಕೊಳ್ಳಲು ಕಾಯಂ ಸಂಬಳದ ಬಡಗಿಗಳು ಎಷ್ಟು ಜನ? ವರ್ಷದ ಯಾವ ತಿಂಗಳು ಸವಾರಿ ಮುಚ್ಚಿ ಹಲಗೆ ಬದಲಿಸುತ್ತೀರಿ? ಈ ಎರಡಕ್ಕೂ ಯೋಜನಾ ವರದಿಯಲ್ಲೇ ಲೆಕ್ಕ ಇಟ್ಟಿದ್ದರೆ ಅದಕ್ಕೆ ಒಪ್ಪಿಗೆ ಕೊಡಬಹುದು. ಇಲ್ಲದಿದ್ದರೆ ಬಿಡದಿಯವರು ಈಗ ಮಾಡಿರುವಂತೆ ಉಕ್ಕನ್ನೇ ನೆಚ್ಚಿಕೊಳ್ಳುವುದು ಸವಾರರಿಗೂ ಕ್ಷೇಮ, ಪಾರ್ಕಿಗೂ ಕ್ಷೇಮ.